ಹೋತನ ಬಯಲಲ್ಲಿ ನಮ್ಮಕ್ಕ ಕೂತ ಜಾಗ

ಸೇಬು ಉದುರುವ ಕಾಲ. ಬೆಳಗಿನ ಹಾಲು ಕರೆಯುವ ಹೊತ್ತು. ನಾನು ಇರಿಬೆರ್ರಿ ಮನೆಯ ಸೇಬಿನ ಗಾಣದ ಕೆಳಗೆ ಅಂಗಾತ ಮಲಗಿದ್ದೆ. ಗಾಣದ ತೊಲೆ ಸೀಳು ಬಿಟ್ಟಿತ್ತು. ಓಕ್ ಮರದ ಬೆಣೆ ಹೊಡೆದು ಬಿಗಿ ಮಾಡುತ್ತಿದ್ದೆ. ಮರದ ಪುಡಿ ಕಣ್ಣಿಗೆ ಬೀಳುತ್ತಿತ್ತು. ಶುರುವಾದದ್ದು ಅಲ್ಲಿ. ನಾನು ಕಿವಿಯಾರೆ ಕೇಳಿದ್ದು.

ಆ ಮನೆಯ ಮಗಳು ಮಾರಿಚು, ಹದಿನಾರು ವರ್ಷದವಳು, ಹಾಲು ಕರೆಯಲು ಎದ್ದಿರಲಿಲ್ಲ. ಹಸುಗಳು ಕೂಗುತ್ತಿದ್ದವು. ತಾಯಿ ದೊಮಿಂಗಾ ಪೊರಕೆ ಹಿಡಿದು ಒಳಗೆ ಹೋದಳು.

“ಎದ್ದೇಳೇ ಸೋಮಾರಿ! ಕೆಚ್ಚಲು ಒಡೀತಾ ಇದೆ, ಇನ್ನೂ ಬಿದ್ಕೊಂಡಿದೀಯ!”

ಎರಡು ಏಟು ಬಿದ್ದವು. ಮೂರನೆಯದು ಬೀಳುವ ಮೊದಲು ಹುಡುಗಿ ಕಿರುಚಿದಳು.

“ಹೊಡೀಬೇಡಮ್ಮ! ನನ್ನ ಹೊತ್ಕೊಂಡು ಹೋಗಿದ್ರು! ಹೋತನ ಬಯಲಿಗೆ! ಈಗಷ್ಟೇ ತಂದು ಬಿಟ್ರು!”

ಪೊರಕೆ ನಿಂತಿತು.

ಹದಿನೈದು ದಿನದ ಹಿಂದೆ ಸಂತ ಮಿಕೇಲನ ಹಬ್ಬಕ್ಕೆ ಪಟ್ಟಣದಿಂದ ಒಬ್ಬ ಬೋಧಕ ಬಂದಿದ್ದ. ಮೂರು ದಿನ ಗಂಟಲು ಹರಿಯುವಂತೆ ಬೋಧನೆ ಮಾಡಿದ. ಮಾಟಗಾತಿಯರು ಹೇಗೆ ಹಾರುತ್ತಾರೆ, ಬಯಲಲ್ಲಿ ಹೋತನ ರೂಪದಲ್ಲಿ ಕೂತ ಸೈತಾನನಿಗೆ ಹೇಗೆ ಮುತ್ತಿಡುತ್ತಾರೆ, ಕೈಗೆ ಕೈ ಹಿಡಿದು ಹೇಗೆ ಸುತ್ತು ಕುಣಿಯುತ್ತಾರೆ, ನೆಲಗಪ್ಪೆಗಳಿಗೆ ಮಖಮಲ್ಲಿನ ಅಂಗಿ ತೊಡಿಸಿ ಹೇಗೆ ಸಾಕುತ್ತಾರೆ, ಎಲ್ಲ ಹೇಳಿಕೊಟ್ಟ. ನಮ್ಮ ಗೊರೊಸ್ತಾ ಊರಿನಲ್ಲಿ ಅದುವರೆಗೆ ಕಪ್ಪೆಗಳು ಬತ್ತಲೆಯೇ ಇದ್ದವು.

ದೊಮಿಂಗಾ ಮಗಳಿಗೆ ಜೇನುತುಪ್ಪ ಹಾಕಿ ಬಿಸಿ ಹಾಲು ಕೊಟ್ಟಳು. ಎರಡು ಮೊಟ್ಟೆ ಬೇಯಿಸಿಕೊಟ್ಟಳು. ಹಾಲು ತಾನೇ ಕರೆದಳು. ಮಾರನೆ ದಿನ ಊರಿನ ನಾಲ್ಕು ಹುಡುಗಿಯರು ಹೋತನ ಬಯಲಿಗೆ ಹೋಗಿ ಬಂದಿದ್ದರು. ವಾರದಲ್ಲಿ ಇಪ್ಪತ್ತು ಮಂದಿ. ಆಮೇಲೆ ಮದುವೆಯಾದ ಹೆಂಗಸರೂ ಹೋದರು, ಅವರ ಹಿಂದೆ ಗಂಡಸರೂ ಹೋದರು. ಆ ವರ್ಷ ಗೊರೊಸ್ತಾದಲ್ಲಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎದ್ದವರೆಂದರೆ ನಾವು ಮಾತ್ರ.

ನಾವು ಅಂದರೆ ಅಗೋತೆಗಳು. ಹೊಳೆಯಾಚೆಯವರು. ಯಾಕೆ ಹೊಳೆಯಾಚೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಕುಷ್ಠ ಇತ್ತಂತೆ. ನಮಗೆ ಕಿವಿಯ ಹಾಲೆ ಇರುವುದಿಲ್ಲವಂತೆ. ಇದನ್ನು ನನ್ನ ಕಿವಿಯ ಹಾಲೆ ನೋಡಿಕೊಂಡೇ ಹೇಳುತ್ತಿದ್ದರು. ನಾವು ಹಿಡಿದ ಸೇಬು ಕೈಯಲ್ಲೇ ಕೊಳೆಯುತ್ತದಂತೆ. ಬರಿಗಾಲಲ್ಲಿ ನಡೆದರೆ ಹುಲ್ಲು ಸುಟ್ಟುಹೋಗುತ್ತದಂತೆ. ಎದೆಯ ಮೇಲೆ ಕೆಂಪು ಬಟ್ಟೆಯಲ್ಲಿ ಬಾತುಕೋಳಿಯ ಪಾದ ಕತ್ತರಿಸಿ ಹೊಲಿದುಕೊಳ್ಳಬೇಕು. ಇಗರ್ಜಿಗೆ ಪಕ್ಕದ ಗಿಡ್ಡ ಬಾಗಿಲಿಂದ ಸೊಂಟ ಬಗ್ಗಿಸಿ ಹೋಗಬೇಕು. ಮಂತ್ರಿಸಿದ ನೀರಿಗೆ ನಮಗೆ ಬೇರೆ ಬಾನಿ. ಪ್ರಸಾದದ ರೊಟ್ಟಿಯನ್ನು ಕೋಲಿನ ತುದಿಯ ಸೀಳಿಗೆ ಸಿಕ್ಕಿಸಿ ನಮ್ಮ ಬಾಯಿಯ ಹತ್ತಿರ ಚಾಚುತ್ತಿದ್ದರು. ದೇವರು ನಮಗೆ ಯಾವಾಗಲೂ ಎರಡು ಮೊಳ ದೂರದಿಂದಲೇ ಸಿಕ್ಕಿದ್ದು.

ಮರಕ್ಕೆ ಮಾತ್ರ ಮೈಲಿಗೆ ಇರಲಿಲ್ಲ. ನಮ್ಮ ರೋಗ ಮರಕ್ಕೆ ಹತ್ತುವುದಿಲ್ಲವಂತೆ. ಆದ್ದರಿಂದ ಬಡಗಿ ಕೆಲಸವೆಲ್ಲ ನಮ್ಮದು. ಅವರು ಹುಟ್ಟಿ ಮಲಗುವ ತೊಟ್ಟಿಲು ನಮ್ಮದು. ಸತ್ತು ಮಲಗುವ ಪೆಟ್ಟಿಗೆ ನಮ್ಮದು. ಊರಿನವರು ಉಳಿ ಮುಟ್ಟುತ್ತಿರಲಿಲ್ಲ. ಮುಟ್ಟಿದವನಿಗೆ ಅಗೋತೆ ಎಂದು ಹೆಸರು ಬೀಳುತ್ತಿತ್ತು, ಅವನ ಮಕ್ಕಳಿಗೆ ಹೆಣ್ಣು ಸಿಗುತ್ತಿರಲಿಲ್ಲ. ಇಗರ್ಜಿಯ ದೊಡ್ಡ ಬಾಗಿಲಿನ ಕದ ನಮ್ಮಜ್ಜ ಮಾಡಿದ್ದು. ಆ ಹೊಸ್ತಿಲು ದಾಟಿದ ಅಗೋತೆ ಒಬ್ಬನೂ ಇಲ್ಲ. ಅಜ್ಜ ಹೊರಗೆ ನಿಂತುಕೊಂಡೇ ಕದ ಕೂರಿಸಿದನಂತೆ.

ಹೋತನ ಬಯಲಿಗೆ ಬರುತ್ತೇನೆ. ನವೆಂಬರ್ ಹೊತ್ತಿಗೆ ಅಲ್ಲಿಯ ವೈಭವ ಹೆಚ್ಚಿತ್ತು. ಮೊದಲು ಒಣ ರೊಟ್ಟಿ ಕೊಡುತ್ತಿದ್ದ ಸೈತಾನ ಈಗ ಹುರಿದ ಕುರಿಮರಿ ಬಡಿಸುತ್ತಿದ್ದ. ಬೆಳ್ಳಿ ತಟ್ಟೆಗಳು ಬಂದವು. ಇನ್ನು ಕೂರುವ ಸಾಲಿನ ಜಗಳ. ನಮ್ಮ ಇಗರ್ಜಿಯ ನೆಲದಲ್ಲಿ ಒಂದೊಂದು ಮನೆಗೂ ಒಂದೊಂದು ಕಲ್ಲು. ಕಲ್ಲಿನ ಕೆಳಗೆ ಆ ಮನೆಯ ಹಿರಿಯರು, ಮೇಲೆ ಆ ಮನೆಯ ಯಜಮಾನಿ. ಇರಿಬೆರ್ರಿ ಮನೆಯದು ಮೊದಲನೇ ಸಾಲು. ಗರಾತೆ ಮನೆಯದು ಎರಡನೇ ಸಾಲು. ಗರಾತೆ ಮನೆಯ ಯಜಮಾನಿ ಬಟ್ಟೆ ಒಗೆಯುವ ಕಡೆ, ಹೋತನ ಬಯಲಲ್ಲಿ ತನ್ನನ್ನು ಸೈತಾನನ ಬಲಗಡೆಯೇ ಕೂರಿಸಿದ್ದರು ಎಂದುಬಿಟ್ಟಳು.

“ಇಗರ್ಜೀಲಿ ಎರಡನೇ ಸಾಲು, ಸೈತಾನನ ಹತ್ರ ಮೊದಲನೇ ಸಾಲು! ಎಲ್ಲಿಂದ ಬಂತೇ ನಿಂಗೆ ಈ ಭಾಗ್ಯ?” ಎಂದಳು ದೊಮಿಂಗಾ.

“ಅವನಿಗೂ ನಾಲಿಗೆ ಇದೆ ಕಣಮ್ಮ. ಯಾರ ಮನೆ ಸೇಬಿನ ಹೆಂಡ ಹುಳಿ ಹೊಡೆದಿದೆ ಅಂತ ಅವನಿಗೂ ಗೊತ್ತಾಗುತ್ತೆ.”

ಒಬ್ಬರ ಜುಟ್ಟು ಒಬ್ಬರು ಹಿಡಿದರು. ನಮ್ಮ ಊರಿನ ಪಾದ್ರಿ ಬೆಲ್ತ್ರಾನ್ ಬಂದು ಬಿಡಿಸಿದರು. ಹೋತನ ಬಯಲಲ್ಲೂ ಇಗರ್ಜಿಯ ಸಾಲೇ ನಡೆಯುತ್ತದೆ ಎಂದು ತೀರ್ಮಾನ ಕೊಟ್ಟರು. ಎಲ್ಲರಿಗೂ ಸಮಾಧಾನವಾಯಿತು.

ಒಪ್ಪಿಕೊಂಡವರಿಗೆ ಕ್ಷಮೆ ಎಂದು ಪಟ್ಟಣದಿಂದ ಆಜ್ಞೆ ಬಂದಿತ್ತು. ಒಂದು ಭಾನುವಾರ ಮೇಣದಬತ್ತಿ ಹಿಡಿದು ನಿಂತರೆ ಸಾಕು. ಇಡೀ ಊರು ಒಪ್ಪಿಕೊಂಡಿತು. ಒಂದೇ ಒಂದು ಪ್ರಶ್ನೆ ಉಳಿಯಿತು. ನಿಮ್ಮನ್ನೆಲ್ಲ ಕರೆದುಕೊಂಡು ಹೋದ ಗುರು ಯಾರು? ಗುರುವಿಗೆ ಕ್ಷಮೆ ಇಲ್ಲ. ಒಪ್ಪಿಕೊಂಡರೆ ಮೊದಲು ಕತ್ತು ಹಿಸುಕಿ ಆಮೇಲೆ ಸುಡುತ್ತಾರೆ. ಒಪ್ಪದಿದ್ದರೆ ಜೀವಂತ ಸುಡುತ್ತಾರೆ. ಇದರಲ್ಲಿ ಮೊದಲನೆಯದಕ್ಕೆ ಅವರು ದಯೆ ಎಂದು ಹೆಸರಿಟ್ಟಿದ್ದರು.

ಎಲ್ಲರ ಬೆರಳೂ ಹೊಳೆಯಾಚೆ ತಿರುಗಿದವು. ನಮ್ಮಕ್ಕ ಎಂಗ್ರಾಸಿಯ ಕಡೆಗೆ. ಗಂಡ ಸತ್ತವಳು, ಮಗ್ಗ ನಡೆಸುವವಳು, ಬಾಯಿ ಜೋರು. ಅಷ್ಟು ಸಾಕಾಗಿತ್ತು. ಆದರೂ ಸಾಕ್ಷಿ ಅಂತ ಒಂದು ಬೇಕಲ್ಲ. ಅದನ್ನು ಕೊಟ್ಟವನು ನಾನು.

ಪಾದ್ರಿ ಬೆಲ್ತ್ರಾನ್ ಸೇತುವೆಯ ಆ ತುದಿಯಲ್ಲಿ ನಿಂತು ಕೂಗಿ ಕೇಳಿದರು.

“ಮಾಚಿನ್, ನೀನು ಸುಳ್ಳು ಹೇಳೋನಲ್ಲ. ನಿಮ್ಮಕ್ಕನ ಮನೇಲಿ ನೆಲಗಪ್ಪೆ ಇದೆಯೇನೋ?”

“ಇದೆ ಸ್ವಾಮಿ. ಮಗ್ಗದ ಕೆಳಗೆ ತಂಪಿರುತ್ತಲ್ಲ. ಹುಳ ತಿನ್ಕೊಂಡಿರುತ್ತೆ.”

“ಮೈಮೇಲೆ ಏನಾದ್ರೂ ಬಟ್ಟೆ?”

“ಬಟ್ಟೆ ಎಲ್ಲಿಂದ ಸ್ವಾಮಿ! ಕಾಲಿಗೊಂದು ಕೆಂಪು ದಾರ ಸುತ್ಕೊಂಡಿತ್ತು ಮೊನ್ನೆ.”

ಅದು ಎದೆಯ ಮೇಲಿನ ಬಾತಿನ ಪಾದ ಹೊಲಿದಾಗ ಉದುರಿದ ದಾರ. ಅವರೇ ತೊಡಿಸಿದ ಕೆಂಪು. ಕೆಂಪು ಮಖಮಲ್ಲು ಉಟ್ಟ ಕಪ್ಪೆ ಎಂದು ಬರೆದುಕೊಂಡರು. ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನಲವತ್ತೇಳು ವರ್ಷವಾಯಿತು. ಆ ನಿಜ ನನ್ನ ಗಂಟಲಲ್ಲಿ ಇನ್ನೂ ಮೀನಿನ ಮುಳ್ಳಿನ ಹಾಗೆ ನಿಂತಿದೆ.

ಸಂತ ಮಾರ್ತಿನನ ಹಬ್ಬದ ಮಾರನೆ ದಿನ ಅಕ್ಕನನ್ನು ಹಿಡಿದರು. ಹಿಡಿದರು ಎನ್ನುವುದು ತಪ್ಪು. ಯಾರೂ ಮುಟ್ಟಲಿಲ್ಲ. ಸೇಬು ಉದುರಿಸುವ ಉದ್ದನೆಯ ಗಳುಗಳನ್ನು ತಂದು, ಆರು ಜನ ಸುತ್ತಲೂ ನಿಂತು, ತಿವಿಯುತ್ತ ತಿವಿಯುತ್ತ ಸೇತುವೆ ದಾಟಿಸಿದರು. ಊರಿನ ಕಣಜದಲ್ಲಿ ಕೂಡಿಹಾಕಿದರು. ನಿದ್ದೆ ಮಾಡಲು ಬಿಡಲಿಲ್ಲ. ರೆಪ್ಪೆ ಮುಚ್ಚಿದರೆ ಗಳುವಿನಿಂದ ತಿವಿತ. ಪಕ್ಕೆಯೆಲ್ಲ ಕಪ್ಪಾಯಿತು. ಮೈಮೇಲೆ ಸೈತಾನನ ಗುರುತು ಹುಡುಕಬೇಕೆಂದು ನಾಲ್ಕು ಹೆಂಗಸರನ್ನು ನೇಮಿಸಿದರು. ನಾಲ್ವರೂ ಬಾಗಿಲಲ್ಲೇ ನಿಂತು “ನೀನು ಮುಟ್ಟು” “ನೀನು ಮುಟ್ಟು” ಎಂದು ತಳ್ಳಾಡಿ ವಾಪಸು ಹೋದರು. ಗುರುತು ಇದೆ ಎಂದೇ ಬರೆದುಕೊಂಡರು. ನೋಡುವ ಕಷ್ಟ ತಪ್ಪಿತು.

ಇಪ್ಪತ್ತಮೂರು ದಿನ ಅಕ್ಕ ಇಲ್ಲ ಎಂದಳು.

ಪಟ್ಟಣದಿಂದ ವಿಚಾರಣೆಯ ಪಾದ್ರಿ ಬರುವವರಿದ್ದರು. ಅಕ್ಕನನ್ನು ಒಯ್ಯಲು ಗಾಡಿಗೆ ಮರದ ಪಂಜರ ಬೇಕಾಯಿತು. ಊರಿನಲ್ಲಿ ಉಳಿ ಹಿಡಿಯುವವರು ನಾವೇ. ನನ್ನನ್ನು ಕರೆಸಿದರು.

ಕಣಜದ ಮುಂದೆಯೇ ಕೂತು ಕೊಯ್ದೆ. ಹಸಿ ಓಕ್ ಮರ. ಗರಗಸ ಕಚ್ಚಿಕೊಳ್ಳುತ್ತಿತ್ತು. ಅಂಗೈಯ ಬೊಬ್ಬೆ ಒಡೆದು ಹಿಡಿಯೆಲ್ಲ ಅಂಟಾಯಿತು. ಒಂದೊಂದು ಸರಳಿಗೂ ತೂತು ಕೊರೆಯುವಾಗ ಅಕ್ಕ ಹಲಗೆಯ ಸಂದಿಯಿಂದ ನೋಡುತ್ತಿದ್ದಳು.

“ಸರಳು ಸೊಟ್ಟ ಕೂರಿಸ್ತಾ ಇದೀಯ ಕಣೋ,” ಎಂದಳು. “ಅಪ್ಪ ಇದ್ದಿದ್ರೆ ಕಪಾಳಕ್ಕೆ ಬಿಡ್ತಿದ್ದ.”

ನಾನು ಅತ್ತೆ. “ಅಕ್ಕ, ಕಪ್ಪೆ ವಿಷಯ ಹೇಳಿದ್ದು ನಾನು.”

“ಗೊತ್ತು. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಬಡವನಿಗೆ ಅಷ್ಟಾದ್ರೂ ವಿದ್ಯೆ ಬೇಕಿತ್ತು. ಹೋಗ್ಲಿ, ಊರಲ್ಲಿ ಏನು ಸುದ್ದಿ? ಇವರು ತಿವಿಯೋಕೆ ಬರ್ತಾರೆ, ಒಂದು ಸುದ್ದಿ ಹೇಳಲ್ಲ.”

ಅಳು ನುಂಗಲು ನಾನು ಒಗೆಯುವ ಕಡೆಯ ಜಗಳ ಹೇಳಿದೆ. ಮೊದಲನೇ ಸಾಲು, ಎರಡನೇ ಸಾಲು, ಪಾದ್ರಿಯ ತೀರ್ಮಾನ. ಅಕ್ಕ ನಕ್ಕಳು. ನಗುವಾಗ ಪಕ್ಕೆ ಹಿಡಿದುಕೊಂಡಳು.

“ಅಯ್ಯೋ ಇವರ ಮನೆ ಹಾಳಾಗ! ಸೈತಾನನ ಹತ್ರಾನೂ ಸಾಲು ಬಿಟ್ಟಿಲ್ವಾ?” ಆಮೇಲೆ ಸಂದಿಗೆ ಮುಖ ಒತ್ತಿ ಕೇಳಿದಳು: “ಮಾಚಿನ್, ನನ್ನನ್ನ ಎಲ್ಲಿ ಕೂರಿಸಿದ್ರಂತೆ?”

ನಾನು ಯೋಚಿಸಿದೆ. “ಅದನ್ನ ಯಾರೂ ಹೇಳಿಲ್ಲ.”

“ಗಿಡ್ಡ ಬಾಗಿಲು ಇದೆಯಂತಾ ಬಯಲಿಗೆ?”

“ಬಯಲಿಗೆ ಎಲ್ಲಿಯ ಬಾಗಿಲು ಅಕ್ಕ?”

“ಹೌದಲ್ವಾ,” ಎಂದಳು. “ನೀನು ಪಂಜರ ಮುಗಿಸು. ಸೊಟ್ಟಗೇ ಇರಲಿ.”

ಡಿಸೆಂಬರ್ ಮೊದಲ ಭಾನುವಾರ ವಿಚಾರಣೆ. ಇಗರ್ಜಿ ತುಂಬಿತ್ತು. ಯಜಮಾನಿಯರು ತಮ್ಮ ತಮ್ಮ ಕಲ್ಲಿನ ಮೇಲೆ. ಮಾರಿಚುವನ್ನು ಕೇಳಲು ಪಕ್ಕದ ಕಣಿವೆಯಿಂದ ಬಂದ ಬೀಗರು ಇರಿಬೆರ್ರಿಯವರ ಪಕ್ಕದಲ್ಲಿ. ನಾವು ಗಿಡ್ಡ ಬಾಗಿಲ ಹತ್ತಿರ ಗುಂಪಾಗಿ. ವಿಚಾರಣೆಯ ಪಾದ್ರಿಗೆ ವಯಸ್ಸಾಗಿತ್ತು, ನೆಗಡಿಯಾಗಿತ್ತು. ಮುಂದೆ ಗುಮಾಸ್ತನ ದಪ್ಪ ಪುಸ್ತಕ. ಗಳುಗಳಿಂದ ತಳ್ಳುತ್ತ ಅಕ್ಕನನ್ನು ನಮ್ಮ ಬಾಗಿಲಿಂದಲೇ ಒಳಗೆ ತಂದರು.

“ಹೋತನ ಬಯಲಿಗೆ ಹೋಗಿದ್ದೆಯೇನಮ್ಮ?” ಎಂದು ಕೇಳಿದರು.

“ಹೂಂ ಸ್ವಾಮಿ. ಹೋಗಿದ್ದೆ.”

ಅಮ್ಮ ನನ್ನ ತೋಳು ಹಿಡಿದಳು. ಊರು ಉಸಿರು ಬಿಟ್ಟಿತು. ಪಾದ್ರಿ ಬೆಲ್ತ್ರಾನ್ ಶಿಲುಬೆಯ ಗುರುತು ಮಾಡಿಕೊಂಡರು.

“ಯಾರನ್ನೆಲ್ಲ ಕಂಡೆ?”

“ಇವರನ್ನೆಲ್ಲ. ಅವರೇ ಒಪ್ಕೊಂಡಿದಾರಲ್ಲ ಸ್ವಾಮಿ. ನಾನ್ಯಾಕೆ ಮುಚ್ಚಿಡ್ಲಿ?”

“ನೀನು ಎಲ್ಲಿ ಕೂತಿದ್ದೆ?”

“ಮಧ್ಯದಲ್ಲಿ. ಬಲಗಡೆ ದೊಮಿಂಗಮ್ಮ, ಎಡಗಡೆ ಗರಾತೆ ಯಜಮಾನಿ. ಮೂರು ಜನಕ್ಕೂ ಒಂದೇ ತಟ್ಟೆ ಸ್ವಾಮಿ. ದೊಮಿಂಗಮ್ಮ ಎಷ್ಟು ಒಳ್ಳೆಯವರು ಅಂತೀರ! ತಾವು ಕಚ್ಚಿದ ರೊಟ್ಟೀನ ಮುರಿದು ನನ್ನ ಕೈಗಿಟ್ರು. ಕೋಲಿನ ತುದೀಲಲ್ಲ. ಕೈಗೆ.”

ಗುಮಾಸ್ತ ಬರೆಯುತ್ತಿದ್ದ. ಲೇಖನಿಯ ಸದ್ದು ಕೇಳುತ್ತಿತ್ತು.

“ಸುಳ್ಳು!” ದೊಮಿಂಗಾ ಎದ್ದಳು.

“ನಾಚ್ಕೋಬೇಡಿ ಕಣಮ್ಮ. ಆಮೇಲೆ ಕುಣಿತ. ಕೈಗೆ ಕೈ ಹಿಡಿದು. ಈ ಕೈ ಇರಿಬೆರ್ರಿ ಯಜಮಾನರು ಹಿಡಿದಿದ್ರು, ಈ ಕೈ ನಮ್ಮ ಪಾದ್ರಿಗಳ ತಾಯಿ ಹಿಡಿದಿದ್ರು. ಬೆಚ್ಚಗಿತ್ತು ಕೈ. ಬಾಯಾರಿದಾಗ ನನ್ನ ಲೋಟದಲ್ಲೇ ಸರದಿ ಮೇಲೆ ಕುಡಿದ್ರು. ಮಾರಿಚು ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿಬಿಟ್ಳು, ಕೂಸು. ಅದಕ್ಕೇ ಬೆಳಿಗ್ಗೆ ಎಚ್ಚರ ಆಗಿಲ್ಲ ಅವಳಿಗೆ.”

ಪಕ್ಕದ ಕಣಿವೆಯ ಬೀಗರು ಎದ್ದು ನಿಂತರು. ಹಿರಿಯ ಬೀಗ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡ. ಬೆಳಿಗ್ಗೆ ಇರಿಬೆರ್ರಿ ಯಜಮಾನನ ಕೈ ಕುಲುಕಿದ ಕೈ ಅದು.

“ಇವಳು ಅಲ್ಲಿರಲಿಲ್ಲ!” ದೊಮಿಂಗಾ ಚೀರಿದಳು. “ಸುಟ್ಟರೂ ಸರಿ, ನಾನು ಅಗೋತೆ ಜೊತೆ ಉಂಡಿಲ್ಲ! ಶಿಲುಬೆ ಮುಟ್ಟಿ ಹೇಳ್ತೀನಿ, ಇವಳನ್ನ ಅಲ್ಲಿ ಕಂಡೇ ಇಲ್ಲ!”

“ನಾನೂ ಕಂಡಿಲ್ಲ!” “ನಾವ್ಯಾರೂ ಕಂಡಿಲ್ಲ!” ಊರಿಗೆ ಊರೇ ಕೂಗಿತು. ಒಂದು ತಿಂಗಳಿಂದ ಅವಳನ್ನು ಕಂಡೆವೆಂದು ಆಣೆ ಇಟ್ಟ ಬಾಯಿಗಳು.

ವಿಚಾರಣೆಯ ಪಾದ್ರಿ ಮೂಗು ಒರೆಸಿಕೊಂಡರು. “ಹಾಗಾದ್ರೆ ಎಲ್ಲಿದ್ದಳು?”

“ಅವಳ ಮನೇಲಿ!” ಎಂದಳು ಗರಾತೆ ಯಜಮಾನಿ. “ಮಗ್ಗದ ಸದ್ದು ಇಲ್ಲೀವರೆಗೂ ಕೇಳಿಸ್ತಿತ್ತು!”

“ಬರೆದುಕೋ,” ಎಂದರು ಅವರು ಗುಮಾಸ್ತನಿಗೆ. “ಆದರೆ ಇವಳು ತಾನೇ ಒಪ್ಪಿಕೊಂಡದ್ದೂ ಪುಸ್ತಕದಲ್ಲಿದೆ. ಇದೇ ಪೀಠದ ಮುಂದೆ ಇವಳೇ ಬಾಯಿಬಿಟ್ಟು ಇಲ್ಲ ಅನ್ನಬೇಕು. ಇಲ್ಲವಾದರೆ ಇವಳ ಜೊತೆ ಪುಸ್ತಕವೂ ಗುರುವಾರ ಪಟ್ಟಣಕ್ಕೆ ಹೊರಡುತ್ತೆ. ಅಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ.”

ಇಪ್ಪತ್ತಮೂರು ದಿನ ಹೂಂ ಎನ್ನು ಎಂದು ತಿವಿದವರು ಆ ಸಂಜೆಯಿಂದ ಇಲ್ಲ ಎನ್ನು ಎಂದು ಕೈಮುಗಿಯತೊಡಗಿದರು. ಕಣಜಕ್ಕೆ ಬಿಳಿ ರೊಟ್ಟಿ ಬಂತು. ಹಂದಿಮಾಂಸದ ಸಾರು ಬಂತು. ಅಕ್ಕ ಎಲ್ಲ ತಿಂದಳು. ಎರಡು ದಿನ ಮನಸಾರೆ ನಿದ್ದೆ ಮಾಡಿದಳು. ಏಳಿಸಲು ಯಾರಿಗೂ ಧೈರ್ಯ ಇರಲಿಲ್ಲ.

ಮಂಗಳವಾರ ಪಾದ್ರಿ ಬೆಲ್ತ್ರಾನ್ ಬಂದರು. ಅಮ್ಮನನ್ನೂ ನನ್ನನ್ನೂ ಕರೆಸಿದ್ದರು.

“ನಿಂಗೆ ಏನು ಬೇಕು ಎಂಗ್ರಾಸಿ?”

“ದೊಡ್ಡ ಬಾಗಿಲು.”

“ಏನು?”

“ದೊಡ್ಡ ಬಾಗಿಲಿಂದ ಒಳಗೆ ಬರ್ತೀನಿ. ನಿಮ್ಮ ಬಾನಿ ನೀರಲ್ಲಿ ಕೈ ಅದ್ದುತೀನಿ. ಆಮೇಲೆ ನಿಜ ಹೇಳ್ತೀನಿ.”

“ಹಟ ಬೇಡ ಕಣೇ ಮಗಳೇ,” ಅಮ್ಮ ಅತ್ತಳು. “ಬೆಂಕಿ ಕಣೇ ಅದು. ಗಿಡ್ಡ ಬಾಗಿಲಿಂದಲೇ ಹೋಗಿ ಒಂದು ಮಾತು ಹೇಳಿ ಬಂದುಬಿಡು.”

“ಸುಳ್ಳು ಹೇಳೋಕೆ ಬಗ್ಗಿ ಹೋದೆ ಅಮ್ಮ. ನಿಜ ಹೇಳೋಕೂ ಬಗ್ಗಬೇಕಾ?”

ಬುಧವಾರ ಇಡೀ ದಿನ ಊರಿನ ಹಿರಿಯರು ಕೂತರು. ಅಗೋತೆ ದೊಡ್ಡ ಬಾಗಿಲು ದಾಟುವ ಹಾಗಿಲ್ಲ. ಪುಸ್ತಕ ಪಟ್ಟಣಕ್ಕೆ ಹೋಗುವ ಹಾಗೂ ಇಲ್ಲ. ಸಂಜೆಯ ಹೊತ್ತಿಗೆ ಪಾದ್ರಿ ಬೆಲ್ತ್ರಾನ್‌ಗೆ ಉಪಾಯ ಹೊಳೆಯಿತು. ಕದ ಇದ್ದರೆ ತಾನೇ ಅದು ಬಾಗಿಲು? ಕದವನ್ನೇ ತೆಗೆದುಬಿಟ್ಟರೆ ಅದು ಗೋಡೆಯಲ್ಲಿರುವ ಒಂದು ಕಂಡಿ. ಕಂಡಿಯಿಂದ ಗಾಳಿ ಬರುತ್ತದೆ, ಬೆಕ್ಕು ಬರುತ್ತದೆ, ಅಗೋತೆ ಬಂದರೂ ಬಾಗಿಲಿಂದ ಬಂದಂತಾಗುವುದಿಲ್ಲ. ಹಿರಿಯರು ಅವರ ಓದನ್ನು ಕೊಂಡಾಡಿದರು.

ಕದ ತೆಗೆಯಲು ನನ್ನನ್ನು ಕರೆದರು.

ಗುರುವಾರ ಬೆಳಿಗ್ಗೆ ನಾನು ಮತ್ತು ನನ್ನ ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು ಕದಕ್ಕೆ ಕೈ ಹಾಕಿದೆವು. ನಾಲ್ಕು ಬೆರಳು ದಪ್ಪದ ಓಕ್. ಅಜ್ಜನ ಉಳಿಯ ಗುರುತು ಮೇಲ್ಗಡೆ ಇನ್ನೂ ಕಾಣುತ್ತಿತ್ತು. ಕದ ತಿರುಗುವ ತಿರುಗಣಿಗೆ ಹಂದಿಕೊಬ್ಬು ಬಳಿದೆವು, ಚರ್ಮದ ಬಾರು ಹಾಕಿ ಎತ್ತಿದೆವು. ಬೆನ್ನು ಮುರಿಯುವ ಭಾರ. ಹೊರಗೋಡೆಗೆ ಒರಗಿಸಿದೆವು.

ಅಕ್ಕ ಬಂದಳು. ಗಳು ಹಿಡಿದವರು ದೂರ ನಿಂತಿದ್ದರು. ಹೊಸ್ತಿಲ ಮುಂದೆ ನಿಂತು ಒಮ್ಮೆ ಮೇಲೆ ನೋಡಿದಳು. ಅಭ್ಯಾಸದಿಂದ ತಲೆ ಬಗ್ಗಿಸಿದಳು. ಆಮೇಲೆ ನೆನಪಾಗಿ ನೆಟ್ಟಗಾದಳು. ನೆಟ್ಟಗೇ ಒಳಗೆ ಹೋದಳು. ಬಾನಿಯಲ್ಲಿ ಮೊಣಕೈವರೆಗೆ ಕೈ ಅದ್ದಿದಳು.

“ನಾನು ಹೋತನ ಬಯಲಿಗೆ ಹೋಗಿಲ್ಲ,” ಎಂದಳು. “ಇವರ ಜೊತೆ ಕೂತಿಲ್ಲ. ಇವರ ಜೊತೆ ಉಂಡಿಲ್ಲ. ಇವರೂ ಹೋಗಿಲ್ಲ, ಸ್ವಾಮಿ. ಇವರಿಗೆ ಬೆಳಿಗ್ಗೆ ಏಳೋಕೆ ಸೋಮಾರಿತನ. ಅಷ್ಟೇ.”

ಯಾರೂ ಅಲ್ಲ ಎನ್ನಲಿಲ್ಲ. ಮಾರಿಚು ಮುಖ ಮುಚ್ಚಿಕೊಂಡಿದ್ದಳು. ವಿಚಾರಣೆಯ ಪಾದ್ರಿ ಪುಸ್ತಕ ಮುಚ್ಚಿಸಿದರು, ಸೀನಿದರು, ಹೇಸರಗತ್ತೆ ಹತ್ತಿ ಹೋದರು. ಖಾಲಿ ಪಂಜರ ಅಲ್ಲೇ ಉಳಿಯಿತು. ಅವರು ಕಣ್ಮರೆಯಾದ ಕೂಡಲೇ ಊರಿನವರು ಅಕ್ಕ ಕೈ ಅದ್ದಿದ ಕಲ್ಲುಬಾನಿಯನ್ನು ಒಡೆದು ಹೊಳೆಗೆ ಎಸೆದರು. ನಾವು ನೋಡುತ್ತಿದ್ದೆವು.

“ಏಯ್ ಮಾಚಿನ್,” ಇರಿಬೆರ್ರಿ ಯಜಮಾನ ಕೂಗಿದ. “ಸಂಜೆ ಒಳಗೆ ಕದ ಕೂರಿಸು.”

ನಾನು ಉಳಿ, ಕೊಡತಿ, ಬಾಚಿ ಚೀಲಕ್ಕೆ ಹಾಕುತ್ತಿದ್ದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಊರಿನವರಿಗೆ ನಾನು ಇಲ್ಲ ಎಂದಿರಲಿಲ್ಲ. ಹೇಗೆ ಹೇಳುತ್ತಾರೆ ಎಂದೂ ಗೊತ್ತಿರಲಿಲ್ಲ.

“ಕೂರಿಸಲ್ಲ,” ಎಂದೆ.

“ಏನಂದೆ?”

“ಕೂರಿಸಲ್ಲ ಸ್ವಾಮಿ. ಅದು ಕಂಡಿ ಅಂತ ನೀವೇ ಹೇಳಿದ್ರಿ. ಕಂಡಿಗೆ ಕದ ಯಾಕೆ?”

ನನ್ನ ಚಿಕ್ಕಪ್ಪನ ಮಕ್ಕಳೂ ಚೀಲ ಹೆಗಲಿಗೆ ಹಾಕಿದರು. ಹೊಳೆಯಾಚೆಯ ಎಂಟು ಬಡಗಿಗಳಲ್ಲಿ ಯಾರೂ ಹೋಗಲಿಲ್ಲ. ಊರಿನ ಗಂಡಸರು ಹಗ್ಗ ಹಿಡಿದು ನಿಂತರು. ಕದ ಎತ್ತಬಹುದಿತ್ತು. ಆದರೆ ತಿರುಗಣಿ ಕೂರಿಸಲು ಉಳಿ ಹಿಡಿಯಬೇಕು. ಯಾರು ಹಿಡಿಯುವುದು? ಕೊನೆಗೆ ಎರಡು ಕಂಬಳಿ ನೇತುಹಾಕಿದರು. ಗಾಳಿ ಮೊದಲ ದಿನವೇ ಕಿತ್ತುಕೊಂಡು ಹೋಯಿತು. ಹಿಮ ಒಳಗೆ ಬಿತ್ತು. ಮುಂದಿನ ಭಾನುವಾರ ಗರಾತೆ ಮನೆಯ ಹೆಣ್ಣುಹಂದಿ ದೊಡ್ಡ ಬಾಗಿಲಿಂದ ಒಳಗೆ ನಡೆದು, ಎರಡನೇ ಸಾಲು ದಾಟಿ, ಮೊದಲನೇ ಸಾಲಿನಲ್ಲಿ ಇರಿಬೆರ್ರಿಯವರ ಕಲ್ಲಿನ ಮೇಲೆ ಮಲಗಿತು. ಗರಾತೆ ಮನೆಯವರ ಆಸೆ ಅಂತೂ ಆ ರೀತಿ ಈಡೇರಿತು.

ಊರು ಬಿಡಿಸುತ್ತೇವೆ ಎಂದು ಹೇಳಿ ಕಳಿಸಿದರು. ನಮ್ಮ ಕೊಟ್ಟಿಗೆಗೆ ಬೆಂಕಿ ಬಿತ್ತು. ಅಕ್ಕ ಮಗ್ಗ ಬಿಚ್ಚಿ ಕಟ್ಟಿದಳು. “ಬಿಡಿಸೋದೇನು ಬಂತು,” ಎಂದಳು. “ನಾವೇ ಬಿಡ್ತೀವಿ. ಉಳಿ ಹಿಡಿಯೋ ಕೈ ಜೊತೇಲೇ ಬರುತ್ತಲ್ಲ.”

ಹೊರಟ ದಿನ ಸೇತುವೆಯ ಮೇಲೆ ಮಾರಿಚು ನಿಂತಿದ್ದಳು. ಬೀಗರು ಸಂಬಂಧ ಮುರಿದುಕೊಂಡಿದ್ದರು. ಕೈಯಲ್ಲಿ ಸೇಬಿನ ಬುಟ್ಟಿ. ನಮ್ಮನ್ನು ಕಂಡು ಬುಟ್ಟಿಯನ್ನು ನೆಲಕ್ಕಿಟ್ಟು ಮೂರು ಹೆಜ್ಜೆ ಹಿಂದೆ ಸರಿದಳು.

“ತಪ್ಪಾಯ್ತು ಎಂಗ್ರಾಸಿ,” ಎಂದಳು. “ನಿದ್ದೆ ಬಂದಿತ್ತು ಅಷ್ಟೇ. ಹೊಡೀತಾಳೆ ಅಂತ ಹೇಳ್ದೆ.”

ಅಕ್ಕ ಅವಳನ್ನು ನೋಡಿದಳು. “ಒಂದು ಸೇಬು ಕೈಗೆ ಕೊಡು ಮಗಳೇ.”

ಹುಡುಗಿ ಬಗ್ಗಿ ಒಂದು ಸೇಬು ತೆಗೆದಳು. ಕೈ ಮುಂದೆ ಬಂತು. ಅರ್ಧ ದಾರಿಯಲ್ಲಿ ನಿಂತಿತು. ಅಲ್ಲಿಂದ ಮುಂದೆ ಬರಲಿಲ್ಲ. ಅಳುತ್ತ ಓಡಿಹೋದಳು. ಬುಟ್ಟಿ ಸೇತುವೆಯ ಮೇಲೇ ಉಳಿಯಿತು. ನಾವ್ಯಾರೂ ಮುಟ್ಟಲಿಲ್ಲ.

ಸಂತ ತೋಮನ ಹಬ್ಬ, ಮಂಗಳವಾರ ಬೆಳಿಗ್ಗೆ, ನಾವು ಗೊರೊಸ್ತಾ ಬಿಟ್ಟೆವು. ಮುಂದೆ ಮಗ್ಗದ ಮರ ಹೊತ್ತ ಎಂಗ್ರಾಸಿಯಕ್ಕ. ಅವಳ ಹಿಂದೆ ಅಮ್ಮ. ಆಮೇಲೆ ಎಂಟು ಬಡಗಿಗಳು, ಅವರ ಹೆಂಡಿರು ಮಕ್ಕಳು, ಎಲ್ಲ ಸೇರಿ ಮೂವತ್ತೊಂದು ಜನ. ಎಲ್ಲರೂ ಎದೆಯ ಮೇಲಿನ ಕೆಂಪು ಬಟ್ಟೆ ಬಿಚ್ಚಿ ಸೇತುವೆಯ ಕಟ್ಟೆಯ ಮೇಲೆ ಇಟ್ಟಿದ್ದೆವು. ಕೊನೆಯವನು ನಾನು. ತಿರುಗಿ ನೋಡಿದಾಗ ಅಜ್ಜನ ಕದ ಗೋಡೆಗೆ ಒರಗಿಕೊಂಡೇ ಇತ್ತು. ಅದರ ಮೇಲೆ ಹಿಮ ಬೀಳುತ್ತಿತ್ತು.